ಹಟ್ಟಿಯ ರೋಗ, ಊರಿನ ಹೊಣೆ

1982-83ರ ಅವಧಿಯಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಪರಿಸರದ ಕಾಡುಗಳಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಗೇರು ತೋಟಕ್ಕಾಗಿ ಕಾಡು ಕಡಿಯಲಾಗಿದ್ದ ಪ್ರದೇಶವದು. ಮಂಗಗಳ ಬೆನ್ನಿಗೇ ಮನುಷ್ಯರು ಜ್ವರದಿಂದ ಮಲಗಿದರು. ಸಾವಿರಕ್ಕೂ ಅಧಿಕ ಮಂದಿ ರೋಗಪೀಡಿತರಾದರು, ನೂರಕ್ಕೂ ಅಧಿಕ ಮಂದಿ ಮೃತಪಟ್ಟರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಘಟ್ಟವಿಳಿದು ನಮ್ಮ ಜಿಲ್ಲೆಯ ಮನೆಬಾಗಿಲನ್ನು ತಟ್ಟಿದ್ದು ಹೀಗೆ. ಆ ರೋಗವನ್ನು ಹರಡುವ ಉಣ್ಣಿಯು ಕಾಡಿಗೆ ಮೇಯಲು ಹೋದ ದನದ ಮೈಯಲ್ಲೂ ರಕ್ತ ಹೀರಿ ಬೆಳೆಯುತ್ತದೆ. ದನಕ್ಕೆ ಅದರಿಂದ ಜ್ವರ ಬಾರದಿರಬಹುದು. ಆದರೆ ಕಾಡಿನ ಉಣ್ಣಿ ಹಟ್ಟಿಯ ತನಕ ಬರಲು ದನವೇ ದಾರಿಯಾಗುತ್ತದೆ.

ನಿಡ್ಲೆಯ ಆ ದಿನಗಳನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಆದರೆ ಅದರ ಪಾಠ ಮಾತ್ರ ಮರೆತುಹೋಗಿದೆ. ಮನುಷ್ಯನನ್ನು ಬಾಧಿಸುವ ಅನೇಕ ರೋಗಗಳು ಮೊದಲು ಪ್ರಾಣಿಗಳಲ್ಲಿ ಸುಳಿವು ನೀಡುತ್ತವೆ. ಮನುಷ್ಯನಿಗೆ ತಗಲದ ರೋಗಗಳು ಕೂಡ ಅವನ ಅನ್ನಕ್ಕೆ ಕನ್ನ ಹಾಕುತ್ತವೆ. ಆದ್ದರಿಂದ ಒಂದು ದನ ಜೊಲ್ಲು ಸುರಿಸುತ್ತಾ ಮೇವು ಬಿಟ್ಟು ನಿಂತರೆ ಅದು ಆ ಮನೆಯ ಖಾಸಗಿ ವಿಷಯವಲ್ಲ. ಅದು ಇಡೀ ಊರಿನ ವಿಷಯ.

ಇದು ಕೇವಲ ಉಪದೇಶವಲ್ಲ, ದೇಶದ ಕಾನೂನು. 2009ರಲ್ಲಿ ಸಂಸತ್ತು ಅಂಗೀಕರಿಸಿದ ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯು ನೆರಡಿ, ಕಾಲುಬಾಯಿ ಜ್ವರ, ಕಂದು ರೋಗ, ಹಕ್ಕಿಜ್ವರ ಮುಂತಾದ ಹತ್ತಾರು ರೋಗಗಳನ್ನು ಪಟ್ಟಿ ಮಾಡಿದೆ. ತನ್ನ ವಶದಲ್ಲಿರುವ ಪ್ರಾಣಿಗೆ ಅಂಥ ರೋಗ ತಗಲಿದೆಯೆಂಬ ಶಂಕೆ ಬಂದೊಡನೆ ಗ್ರಾಮಾಧಿಕಾರಿಗೆ ಅಥವಾ ಪಂಚಾಯತ್‌ಗೆ ತಿಳಿಸುವುದು ಮಾಲಕನ ಕರ್ತವ್ಯ. ಅಲ್ಲಿಂದ ಸುದ್ದಿ ಸಮೀಪದ ಪಶುವೈದ್ಯರಿಗೆ ತಲುಪಬೇಕು. ರೋಗ ಖಚಿತವಾದರೆ ಸರಕಾರವು ಆ ಪ್ರದೇಶವನ್ನು ನಿಯಂತ್ರಿತ ವಲಯವೆಂದು ಘೋಷಿಸಬಹುದು, ಸಾಗಾಟವನ್ನೂ ಸಂತೆಯನ್ನೂ ನಿಲ್ಲಿಸಬಹುದು, ಲಸಿಕೆಯನ್ನು ಕಡ್ಡಾಯಗೊಳಿಸಬಹುದು. ಇಷ್ಟು ಸ್ಪಷ್ಟವಾದ ಕಾನೂನೊಂದಿದೆ ಎಂಬುದು ನಮ್ಮ ಎಷ್ಟು ಮಂದಿಗೆ ಗೊತ್ತು? ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿ, ದಾರಿದೀಪಗಳ ಚರ್ಚೆಯಾಗುತ್ತದೆ. ಹಟ್ಟಿಯ ರೋಗ ಅಲ್ಲಿ ಎಷ್ಟು ಬಾರಿ ಚರ್ಚೆಗೆ ಬಂದಿದೆ?

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಿಗೆ ಈ ಪ್ರಶ್ನೆ ಇನ್ನಷ್ಟು ಪ್ರಸ್ತುತ. ಇಲ್ಲಿಯದು ದೊಡ್ಡ ಫಾರ್ಮುಗಳ ಹೈನುಗಾರಿಕೆಯಲ್ಲ. ಅಡಿಕೆ ತೋಟದ ಬದಿಯ ಹಟ್ಟಿಯಲ್ಲಿ ಒಂದೆರಡು ಮಿಶ್ರತಳಿಯ ದನ, ಬೆಳಗ್ಗೆ ಡೈರಿಗೆ ಒಯ್ಯುವ ಕೆಲವು ಲೀಟರ್ ಹಾಲು, ಆ ಹಣದಲ್ಲಿ ನಡೆಯುವ ಸಂಸಾರ- ಇದು ಇಲ್ಲಿನ ಸಾಮಾನ್ಯ ಚಿತ್ರ. ಬೀಡಿ ಕಟ್ಟುವ ತಾಯಂದಿರ ಎರಡನೆಯ ಆದಾಯವೂ ಎಷ್ಟೋ ಕಡೆ ಈ ಹಾಲಿನದ್ದೇ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಬ್ಯಾರಿ ಮಹಿಳೆಯರೂ ಇದ್ದಾರೆ. ಇನ್ನೊಂದೆಡೆ, ಘಟ್ಟದ ಮೇಲಿನಿಂದ ಚಾರ್ಮಾಡಿಯಾಗಿ ಇಳಿಯುವ ಹೆದ್ದಾರಿಗೆ ಬೆಳ್ತಂಗಡಿಯೇ ಹೆಬ್ಬಾಗಿಲು. ಶಿರಾಡಿಯಾಗಿ ಬರುವ ದಾರಿ ಬಂಟ್ವಾಳವನ್ನು ಹಾದೇ ಮಂಗಳೂರು ಸೇರಬೇಕು. ಕಂಬಳದ ಋತುವಿನಲ್ಲಿ ಊರೂರ ಕೋಣಗಳು ಮೂಡುಬಿದಿರೆಯಲ್ಲಿ ಒಂದೇ ಕರೆಯ ಬಳಿ ಸೇರುತ್ತವೆ. ಜಾನುವಾರು ಓಡಾಡುವ ದಾರಿಗಳಿವು. ಎಚ್ಚರ ತಪ್ಪಿದರೆ ರೋಗ ಓಡಾಡುವ ದಾರಿಗಳೂ ಇವೇ.

ಕಾಲುಬಾಯಿ ಜ್ವರವನ್ನೇ ನೋಡೋಣ. ನಾಲಿಗೆ, ಒಸಡು ಮತ್ತು ಗೊರಸಿನ ಸಂದಿಯಲ್ಲಿ ಗುಳ್ಳೆಗಳೇಳುತ್ತವೆ. ದನ ಮೇವು ಮುಟ್ಟದು, ನಡೆಯಲಾರದು. ಎಳೆಗರುಗಳು ಹೃದಯಕ್ಕೆ ಆಘಾತವಾಗಿ ಸಾಯುತ್ತವೆ. ಬದುಕುಳಿದ ಹಸುವೂ ಹಿಂದಿನಷ್ಟು ಹಾಲು ಕೊಡುವುದು ವಿರಳ. 2013ರಲ್ಲಿ ಈ ರೋಗ ಕರ್ನಾಟಕದಾದ್ಯಂತ ಹಬ್ಬಿ ಸಾವಿರಾರು ಜಾನುವಾರುಗಳು ಸತ್ತವು, ರೈತರು ಬೀದಿಗೆ ಬಂದರು. ಆ ಬಳಿಕ 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ, ಹನ್ನೆರಡು ಅಂಕಿಗಳ ಕಿವಿಯೋಲೆ- ಇವೆಲ್ಲ ಅದರ ಭಾಗಗಳು. ಲಸಿಕೆ ಹಾಕಿದರೆ ಹಾಲು ಕಡಿಮೆಯಾಗುತ್ತದೆ, ಗರ್ಭ ಇಳಿಯುತ್ತದೆ ಎಂದು ಹಿಂದೇಟು ಹಾಕುವವರಿದ್ದಾರೆ. ಒಂದೆರಡು ದಿನ ಹಾಲು ತುಸು ಇಳಿದೀತು. ಆದರೆ ಆ ಒಂದೆರಡು ದಿನಗಳ ಹಾಲಿಗಾಗಿ ಹಟ್ಟಿಯನ್ನೇ ಪಣಕ್ಕಿಡುವುದು ಜಾಣತನವೇ?

ಲಸಿಕೆ ಮತ್ತು ನಿಗಾ ಒಟ್ಟಾದರೆ ಏನು ಸಾಧ್ಯವೆಂಬುದಕ್ಕೆ ನಮ್ಮ ಮುಂದೆಯೇ ಸಾಕ್ಷಿಯಿದೆ. ದೊಡ್ಡರೋಗವೆಂಬ ಹೆಸರು ಕೇಳಿದರೆ ಹಿಂದೆ ಊರಿಗೆ ಊರೇ ನಡುಗುತ್ತಿತ್ತು. ಅದನ್ನೆದುರಿಸಲಿಕ್ಕೆಂದೇ 1925ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯ ಮೂಲ ಅದು. ದಶಕಗಳ ಲಸಿಕೆಯ ಬಳಿಕ, ಲಸಿಕೆ ನಿಲ್ಲಿಸಿಯೂ ಊರೂರು ಹುಡುಕಿ, ಎಲ್ಲೂ ರೋಗವಿಲ್ಲವೆಂದು ಖಚಿತಪಡಿಸಿದ ಮೇಲೆ 2006ರಲ್ಲಿ ಭಾರತವು ದೊಡ್ಡರೋಗದಿಂದ ಮುಕ್ತವೆಂದು ಮಾನ್ಯವಾಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಸಿಡುಬಿನ ಬಳಿಕ ಮಾನವನು ಭೂಮಿಯಿಂದ ಅಳಿಸಿದ ಎರಡನೆಯ ರೋಗವದು. ಈ ಗೆಲುವಿನಲ್ಲಿ ಕಾಲ್ನಡಿಗೆಯಲ್ಲಿ ಹಟ್ಟಿಹಟ್ಟಿಗೆ ಹೋದ ಪಶುವೈದ್ಯ ಸಿಬ್ಬಂದಿಯ ಪಾಲೂ ಇದೆ, ರೋಗವನ್ನು ಮುಚ್ಚಿಡದೆ ಹೇಳಿದ ರೈತನ ಪಾಲೂ ಇದೆ.

ಹಾಗಾದರೆ ಇಂದು ರೋಗವನ್ನು ಮುಚ್ಚಿಡುವವರಾರು? ಏಕೆ ಮುಚ್ಚಿಡುತ್ತಾರೆ?

ಮೊದಲನೆಯದು, ನಷ್ಟದ ಭಯ. ರೋಗವಿದೆಯೆಂದು ತಿಳಿದರೆ ಹಾಲು ಯಾರೂ ಕೊಳ್ಳಲಾರರೆಂಬ ಅಂಜಿಕೆ. 2019ರಲ್ಲಿ ಒಡಿಶಾದ ಮೂಲಕ ದೇಶ ಪ್ರವೇಶಿಸಿದ ಚರ್ಮಗಂಟು ರೋಗವು 2022ರಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಅಧಿಕ ಜಾನುವಾರುಗಳನ್ನು ಬಲಿ ಪಡೆದಾಗ, ಹಾಲು ಕುಡಿದರೆ ಮನುಷ್ಯರಿಗೂ ಗಂಟುಗಳೇಳುತ್ತವೆಂಬ ವದಂತಿ ಹಬ್ಬಿತು. ಅದು ಶುದ್ಧ ಸುಳ್ಳು. ಸೊಳ್ಳೆ, ನೊಣ, ಉಣ್ಣಿಗಳಿಂದ ಹರಡುವ ಆ ರೋಗ ಮನುಷ್ಯರಿಗೆ ಬರುವುದಿಲ್ಲ. ಆಗ ರಾಜ್ಯ ಸರಕಾರವು ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿಯ ಪರಿಹಾರ ಘೋಷಿಸಿತ್ತು. ಪರಿಹಾರವೆಂಬುದು ಔದಾರ್ಯವಲ್ಲ, ಅದು ರೋಗ ನಿಯಂತ್ರಣದ ಒಂದು ಅಸ್ತ್ರ. ನಷ್ಟ ತುಂಬಿಕೊಡುವ ಭರವಸೆಯಿಲ್ಲದಿದ್ದರೆ ಬಡ ರೈತನು ಬಾಯಿ ಬಿಡಲಾರ, ಸತ್ತ ದನವನ್ನು ರಾತೋರಾತ್ರಿ ಹೊಳೆಗೆ ತಳ್ಳಿಯಾನು. ನೆರಡಿಯಂಥ ರೋಗದಿಂದ ಸತ್ತ ದನವಾಗಿದ್ದರೆ ಅದರ ಬೀಜಾಣುಗಳು ದಶಕಗಳ ಕಾಲ ಮಣ್ಣಿನಲ್ಲಿ ಜೀವಂತವಾಗಿರುತ್ತವೆ.

ಎರಡನೆಯದು, ಕಾನೂನಿನ ಮತ್ತು ಗುಂಪಿನ ಭಯ. ಇದನ್ನು ಹೇಳಲು ನಾವು ಹಿಂಜರಿಯುವುದಿಲ್ಲ. 2016ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯಲ್ಲಿ ದನ ಸಾಗಿಸುತ್ತಿದ್ದ ಹಿಂದೂ ಯುವಕನೊಬ್ಬ ಗೋರಕ್ಷಣೆಯ ಹೆಸರಿನ ಗುಂಪಿಗೆ ಬಲಿಯಾದ. 2018ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಪೆರ್ಡೂರು ಬಳಿ ವಾಹನ ತಡೆದ ಘಟನೆಯಲ್ಲಿ ವೃದ್ಧ ದನದ ವ್ಯಾಪಾರಿಯೊಬ್ಬರು ಸಾವಿಗೀಡಾದರು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಬಳಿಕ, ಹಾಲು ಬತ್ತಿದ ಹಸುವನ್ನು ಮಾರುವುದೇ ರೈತನಿಗೆ ಸಮಸ್ಯೆಯಾಯಿತು. ಸಂತೆಯಲ್ಲಿ ಹಗಲು ನಡೆಯುವ ವ್ಯಾಪಾರವನ್ನು ಪಶುವೈದ್ಯನು ನೋಡಬಲ್ಲ, ರೋಗಿ ದನವನ್ನು ಗುರುತಿಸಿ ಹಿಂದೆ ಕಳುಹಿಸಬಲ್ಲ. ಕತ್ತಲೆಯಲ್ಲಿ ನಡೆಯುವ ವ್ಯಾಪಾರಕ್ಕೆ ಯಾವ ವೈದ್ಯ ಸಾಕ್ಷಿಯಾಗಬೇಕು? ಗೋವಿನ ಹೆಸರಲ್ಲಿ ರಸ್ತೆಗಿಳಿಯುವವರು ಅದೇ ಗೋವಿನ ಲಸಿಕೆಗಾಗಿ, ಖಾಲಿ ಬಿದ್ದ ಪಶುವೈದ್ಯ ಹುದ್ದೆಗಳಿಗಾಗಿ ಎಷ್ಟು ಬಾರಿ ರಸ್ತೆಗಿಳಿದಿದ್ದಾರೆ? ಗೋವು ಅವರಿಗೆ ಚುನಾವಣೆಯ ಚಿಹ್ನೆಯೋ ಅಥವಾ ಜ್ವರ ಬರುವ, ನೋವುಣ್ಣುವ ಜೀವಿಯೋ?

ಇದನ್ನು ಕೇಳುವ ನೈತಿಕ ಹಕ್ಕು ನಮಗಿರಬೇಕಾದರೆ ನಮ್ಮ ಮನೆಯನ್ನೂ ನಾವು ಗುಡಿಸಬೇಕು. ಹಟ್ಟಿಯಿಂದ ದನ ಕದಿಯುವವನು ಕಳ್ಳ. ಅವನ ಹೆಸರು ಯಾವುದೇ ಇರಲಿ, ಅವನು ಯಾವುದೇ ಮೊಹಲ್ಲಾದವನಿರಲಿ. ಬಡ ಹೆಂಗಸಿನ ಏಕೈಕ ಹಸುವನ್ನು ಕದ್ದವನ ಪರವಾಗಿ ಸಮುದಾಯ ನಿಲ್ಲಕೂಡದು. ಕಾಲು ಕಟ್ಟಿ, ಒಂದರ ಮೇಲೊಂದು ಪೇರಿಸಿ, ನೀರಿಲ್ಲದೆ ಸಾಗಿಸುವವನು ಕಾನೂನನ್ನಷ್ಟೇ ಅಲ್ಲ, ಧರ್ಮವನ್ನೂ ಉಲ್ಲಂಘಿಸುತ್ತಾನೆ. ಇನ್ನು, ಬಕ್ರೀದ್ ಸಮೀಪಿಸಿದಾಗ ಘಟ್ಟದ ಮೇಲಿನಿಂದ ಆಡುಕುರಿಗಳು ಲಾರಿಗಟ್ಟಲೆ ಬರುತ್ತವೆ. ನಾವು ಅವುಗಳ ತೂಕ ನೋಡುತ್ತೇವೆ, ದರ ಚೌಕಾಶಿ ಮಾಡುತ್ತೇವೆ. ಆಡುಕುರಿಗಳ ಪ್ಲೇಗ್ ಎನಿಸಿರುವ ಪಿ.ಪಿ.ಆರ್. ರೋಗಕ್ಕೆ ಲಸಿಕೆಯಾಗಿದೆಯೇ ಎಂದು ಕೇಳಿದವರೆಷ್ಟು ಮಂದಿ? 2030ರೊಳಗೆ ಜಗತ್ತಿನಿಂದಲೇ ಅಳಿಸಬೇಕೆಂದು ಗುರಿಯಿಟ್ಟಿರುವ ರೋಗವದು.

ನಮಗೆ ಇದು ಹೊಸ ಪಾಠವಲ್ಲ. ರೋಗಗ್ರಸ್ತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ಒಯ್ಯಬಾರದೆಂದು ಪ್ರವಾದಿವರ್ಯರು(ಸ) ಹದಿನಾಲ್ಕು ಶತಮಾನಗಳ ಹಿಂದೆಯೇ ಎಚ್ಚರಿಸಿದ್ದರು. ಪ್ಲೇಗ್ ಇರುವ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ಅದು ಬಂದರೆ ಅಲ್ಲಿಂದ ಪಲಾಯನ ಮಾಡಬೇಡಿ ಎಂದವರೂ ಅವರೇ. ಅದರಂತೆ ಹಝ್ರತ್ ಉಮರ್(ರ) ಸಿರಿಯಾದ ಗಡಿಯಿಂದ ಮರಳಿದರು. ಎದ್ದು ಕಾಣುವ ರೋಗವಿರುವ ಪ್ರಾಣಿ ಬಲಿದಾನಕ್ಕೆ ಸಲ್ಲದೆಂಬುದು ಪ್ರತಿಯೊಬ್ಬ ಮದ್ರಸ ವಿದ್ಯಾರ್ಥಿಗೂ ಗೊತ್ತು. ಧಾನ್ಯರಾಶಿಯ ಅಡಿಯಲ್ಲಿ ಒದ್ದೆ ಕಾಳನ್ನು ಮರೆಸಿಟ್ಟ ವ್ಯಾಪಾರಿಯನ್ನು ಪ್ರವಾದಿ(ಸ) ಖಂಡಿಸಿದ ಘಟನೆ ಜುಮಾ ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರೋಗ ಮರೆಸಿ ಹಸು ಮಾರುವವನು ಆ ವ್ಯಾಪಾರಿಗಿಂತ ಹೇಗೆ ಭಿನ್ನ?

ಇನ್ನೂ ಒಂದು ಮಾತು. 2022ರಲ್ಲಿ ಮಂಗಳೂರು ಸಮೀಪದ ನೀರುಮಾರ್ಗದ ಹಂದಿ ಫಾರ್ಮ್‌ನಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾಯಿತು. ಹಂದಿ ನಮಗೆ ನಿಷಿದ್ಧ, ಆದ್ದರಿಂದ ಅದು ನಮ್ಮ ಸುದ್ದಿಯಲ್ಲವೆಂದು ಭಾವಿಸಿದವರಿರಬಹುದು. ಆದರೆ ಆ ಫಾರ್ಮ್ ಯಾರದೋ ನೆರೆಯವನ ಜೀವನೋಪಾಯ. ನೆರೆಯವನ ಹಕ್ಕನ್ನು ಕಲಿಸಿದ ಧರ್ಮವು ಅವನು ಸಾಕುವುದೇನೆಂದು ಕೇಳಿ ಸಹಾನುಭೂತಿ ಅಳೆಯಲು ಹೇಳಿಲ್ಲ.

ಆಗಬೇಕಾದುದೇನು? ಸರಕಾರವು ಪಶು ಚಿಕಿತ್ಸಾಲಯಗಳಲ್ಲಿ ಖಾಲಿ ಹುದ್ದೆಗಳನ್ನು ತುಂಬಬೇಕು. ಹಲವು ಗ್ರಾಮಗಳಿಗೆ ಒಬ್ಬನೇ ವೈದ್ಯನಿದ್ದರೆ ನಿಗಾ ಎಂಬುದು ಕಡತದ ಮಾತಾಗುತ್ತದೆ. ಪರಿಹಾರವು ರೋಗ ಹಬ್ಬಿ ಪ್ರತಿಭಟನೆಯಾದ ಮೇಲೆ ಘೋಷಿಸುವ ಭಿಕ್ಷೆಯಾಗದೆ, ಮೊದಲೇ ತಿಳಿದಿರುವ ಹಕ್ಕಾಗಬೇಕು. 2021ರ ಜನವರಿಯಲ್ಲಿ ಆಲಪ್ಪುಳ, ಕೋಟ್ಟಯಂಗಳಲ್ಲಿ ಹಕ್ಕಿಜ್ವರ ಕಾಣಿಸಿದಾಗ ಕೇರಳವು ಬಾತುಕೋಳಿಗಳನ್ನು ಕೊಲ್ಲಿಸುವುದರೊಂದಿಗೇ ಸಾಕುವವರಿಗೆ ಪರಿಹಾರವನ್ನೂ ಘೋಷಿಸಿತ್ತು. ಗ್ರಾಮ ಪಂಚಾಯತ್‌ಗಳು ಸತ್ತ ಪ್ರಾಣಿಗಳನ್ನು ಆಳವಾಗಿ, ಸುಣ್ಣ ಹಾಕಿ ಹೂಳಲು ಜಾಗ ಗುರುತಿಸಬೇಕು. ಐದು ಸೆಂಟ್ಸ್ ಜಾಗದಲ್ಲಿ ಬದುಕುವವನು ದನವನ್ನು ಹೂಳುವುದಾದರೂ ಎಲ್ಲಿ? ಕಾನೂನುಬದ್ಧ ವ್ಯಾಪಾರಕ್ಕೆ ಹಗಲಿನ ರಕ್ಷಣೆ ನೀಡುವುದು ಪೊಲೀಸರ ಹೊಣೆ.

ಜಮಾಅತ್‌ಗಳೂ ಕೈಕಟ್ಟಿ ಕೂರಬೇಕಿಲ್ಲ. ಲಸಿಕೆಯ ದಿನವನ್ನು ಮಸೀದಿಯ ಧ್ವನಿವರ್ಧಕದಲ್ಲಿ ತಿಳಿಸಲು ಎಷ್ಟು ಹೊತ್ತು ಬೇಕು? ಬಕ್ರೀದ್‌ಗೆ ಎರಡು ವಾರ ಮೊದಲೇ ಪಶುವೈದ್ಯರನ್ನು ಕರೆಸಿ, ಬಂದ ಆಡುಕುರಿಗಳನ್ನು ಪರೀಕ್ಷಿಸಲು, ರೋಗಿಗಳನ್ನು ಪ್ರತ್ಯೇಕಿಸಲು ಏರ್ಪಾಡು ಮಾಡಬಹುದು. ಪ್ರಾಣಿ ವ್ಯಾಪಾರದಲ್ಲಿರುವ ನಮ್ಮ ಯುವಕರಿಗೆ ರೋಗಲಕ್ಷಣಗಳನ್ನೂ ದಾಖಲೆಗಳನ್ನೂ ಪರಿಚಯಿಸುವ ಶಿಬಿರ ನಡೆಸಬಹುದು. ಸಂಚಾರಿ ಪಶು ಚಿಕಿತ್ಸೆಗೆ 1962 ಎಂಬ ಸಂಖ್ಯೆಯನ್ನು ಪ್ರತಿ ಡೈರಿಯ, ಮಸೀದಿಯ, ದೇವಸ್ಥಾನದ, ಚರ್ಚಿನ ಗೋಡೆಯಲ್ಲಿ ಬರೆಸಬಹುದು.

ನಿಡ್ಲೆಯ ಕಾಡಿನಲ್ಲಿ ಸತ್ತ ಮಂಗಗಳು ಯಾರ ಜಾತಿಯನ್ನೂ ಕೇಳಿರಲಿಲ್ಲ, ಅವುಗಳ ಬೆನ್ನಿಗೆ ಬಂದ ಜ್ವರವೂ ಕೇಳಲಿಲ್ಲ. ಬಂಟ್ವಾಳದ ಹಟ್ಟಿಯಿಂದ ಬೆಳ್ತಂಗಡಿಯ ಹಟ್ಟಿಗೆ ರೋಗ ಹೋಗುವಾಗ ನಡುವೆ ನಾವು ಎಬ್ಬಿಸಿದ ಗೋಡೆಗಳು ಅದನ್ನು ತಡೆಯುವುದಿಲ್ಲ. ಆ ಗೋಡೆಗಳು ತಡೆಯುವುದು ಸುದ್ದಿಯನ್ನು ಮಾತ್ರ. ಪಕ್ಕದ ಹಟ್ಟಿಯಲ್ಲಿ ದನ ಮಲಗಿದೆಯೆಂದು ಪರಸ್ಪರ ಹೇಳಿಕೊಳ್ಳುವ ವಿಶ್ವಾಸ ಉಳಿದಿರುವ ಊರಿನಲ್ಲಿ ವೈದ್ಯನು ಸಕಾಲದಲ್ಲಿ ತಲುಪುತ್ತಾನೆ. ಆ ವಿಶ್ವಾಸವನ್ನು ಮರಳಿ ಕಟ್ಟುವ ಕೆಲಸಕ್ಕೆ ಮೊದಲ ಹೆಜ್ಜೆ ನಮ್ಮದಾಗಲಿ.