‘ಟಕ್’ ಎಂದರೆ ಸಾಕು!



ಒಂದು ಭಾನುವಾರ ನನ್ನ ಅಕ್ಕನ ಮಗ ಬೈಕನ್ನು ತಳ್ಳಿಕೊಂಡೇ ನಮ್ಮ ಮನೆಗೆ ಬಂದ. ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಅವನ ಕನ್ನಡದಲ್ಲಿ ಮರಾಠಿಯ ಒಗ್ಗರಣೆ ಧಾರಾಳ. “ಮಾಮಾ, ಎಂಜಿನ್ ಆಯಿಲ್ ನಾನೇ ಬದಲಿಸಿದೆ. ಸೋರಬಾರದು ಅಂತ ಪಾನಾಕ್ಕೆ ಪೈಪ್ ತೊಡಿಸಿ ಕೆಳಗಿನ ಬೋಲ್ಟ್ ಏಕ್‌ದಮ್ ಗಟ್ಟಿ ಮಾಡಿದೆ. ಈಗ ಸುಮ್ಮನೆ ತಿರುಗ್ತಾನೇ ಇದೆ!” ಎಂದ.

ಬಗ್ಗಿ ನೋಡಿದೆ. ಬೋಲ್ಟ್ ಉಕ್ಕಿನದು, ಎಂಜಿನ್ನಿನ ಮೈ ಅಲ್ಯೂಮಿನಿಯಂ. ಮೆದುವಾದ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗಿತ್ತು.

‘ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು’ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಬೋಲ್ಟ್ ಒಂದು ಬಗೆಯ ಸ್ಪ್ರಿಂಗ್. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಅದು ಎಳೆಯುವ ಸೆಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಬಿಗಿತ ಕಡಿಮೆಯಾದರೆ ಎಂಜಿನ್ನಿನ ನಡುಕಕ್ಕೆ ಬೋಲ್ಟ್ ಸಡಿಲವಾಗುತ್ತದೆ. ಹೆಚ್ಚಾದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಥ್ರೆಡ್ ಹೋಗುತ್ತದೆ.

ಈ ಹದವನ್ನು ಅಳೆಯುವ ಸಲಕರಣೆಯೇ ಟಾರ್ಕ್ ರೆಂಚ್. ಟಾರ್ಕ್ ಎಂದರೆ ನಾವು ಹಾಕುವ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ್ದು. ಅವನ ಬೈಕಿನ ಕೈಪಿಡಿಯಲ್ಲಿದ್ದದ್ದು 24 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಪಾನಾದ ತುದಿಯಲ್ಲಿ ಅದಕ್ಕೆ ಸುಮಾರು 12 ಕಿಲೋ ತೂಕದಷ್ಟು ಬಲ ಬೇಕು. ಪೈಪ್ ಸೇರಿಸಿ 60 ಸೆಂಟಿಮೀಟರ್ ಮಾಡಿದರೆ 4 ಕಿಲೋ ಸಾಕು. ನಮ್ಮ ಹುಡುಗ ಮೈಭಾರವನ್ನೇ ಹಾಕಿದ್ದ!

ಬಳಸುವ ಕ್ರಮ ಸುಲಭ. ಮೊದಲು ಥ್ರೆಡ್ ಒರೆಸಿ, ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಕೈಪಿಡಿಯ ಅಂಕಿಗೆ ರೆಂಚನ್ನು ಹೊಂದಿಸಿ, ಹಿಡಿಯ ಮಧ್ಯೆ ಹಿಡಿದು ನಿಧಾನವಾಗಿ ಎಳೆಯಿರಿ. ‘ಟಕ್’ ಎಂದೊಡನೆ ನಿಲ್ಲಿಸಿ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನಾದರೆ ಕೈಪಿಡಿ ಹೇಳಿದ ಸರದಿಯಲ್ಲೇ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಇಲ್ಲವಾದರೆ ಗ್ಯಾಸ್ಕೆಟ್ ಒಂದೇ ಸಮನೆ ಕೂರದು.

ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಬಲದ ಬಹುಪಾಲು ತಿಕ್ಕಾಟಕ್ಕೇ ಖರ್ಚಾಗುತ್ತದೆ. ಥ್ರೆಡ್ಡಿಗೆ ಎಣ್ಣೆ ಹಚ್ಚಿದರೆ ತಿಕ್ಕಾಟ ತಗ್ಗಿ, ಅದೇ ಅಂಕಿಯಲ್ಲಿ ಬೋಲ್ಟ್ ಹೆಚ್ಚು ಹಿಗ್ಗುತ್ತದೆ. ಕೈಪಿಡಿ ಹೇಳಿದ ಕಡೆ ಮಾತ್ರ ಹಚ್ಚಿ. ಕೆಲಸ ಮುಗಿದ ಮೇಲೆ ರೆಂಚನ್ನು ಅತಿ ಕಡಿಮೆ ಅಂಕಿಗೆ ಇಳಿಸಿಡಿ. ಬೋಲ್ಟ್ ಬಿಚ್ಚಲು ಮಾತ್ರ ಅದನ್ನು ಬಳಸಬೇಡಿ.

ವರ್ಕ್‌ಶಾಪಿನಲ್ಲಿ ಹೊಸ ಥ್ರೆಡ್ ಹಾಕಿಸಿ, ಹೊಸ ವಾಷರ್ ತಂದೆವು. ಈ ಸಲ ರೆಂಚನ್ನು ಅವನ ಕೈಗೇ ಕೊಟ್ಟೆ. ‘ಟಕ್’ ಎಂದಿತು. “ಮಾಮಾ, ಇಷ್ಟೇನಾ? ಇನ್ನೊಂದು ಸಲ ಎಳೀಲಾ?” ಎಂದ.

“ಬೇಡಪ್ಪಾ, ಅತಿಯಾದರೆ ಅಮೃತವೂ ವಿಷ” ಎಂದೆ. ಗಾದೆ ಅರ್ಥವಾಯಿತೋ ಇಲ್ಲವೋ, ರೆಂಚನ್ನಂತೂ ಕೆಳಗಿಟ್ಟ. ಆ ಬೋಲ್ಟ್ ಇಂದಿಗೂ ಒಂದು ಹನಿ ಸೋರಿಲ್ಲ.