ಆ ಭಾನುವಾರ ಬೆಳಗ್ಗೆ ಯಾರದ್ದು?

‘ಟೈಮ್ ಇಲ್ಲ ಅನ್ನೋದು ಬರೀ ನೆಪ. ಮನಸ್ಸಿದ್ದರೆ ಎಲ್ಲಾ ಆಗುತ್ತೆ.’

ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ ಭಾವಮೈದನಿಗೂ ಹೇಳಿದ್ದೇನೆ. ಹೇಳುವಾಗ ಒಂಥರಾ ಸುಖ ಇರುತ್ತೆ. ನಾನು ಎದ್ದೆ, ನೀನು ಮಲಗಿದ್ದೆ ಅನ್ನೋ ಸುಖ. ಈಗ ಆ ಮಾತನ್ನು ವಾಪಸ್ ತಗೋತಾ ಇದೀನಿ. ಇನ್ನೂ ಹಾಗೆ ಹೇಳಿಕೊಂಡು ಓಡಾಡುವ ಗಂಡಸರ ಜೊತೆ ಜಗಳಕ್ಕೂ ನಿಂತಿದೀನಿ.

ಮೊದಲು ನನ್ನ ಪ್ರವರ ಹೇಳಿಬಿಡ್ತೀನಿ. ಕೆಲಸ ಬೆಂಗಳೂರಿನ ಕಂಪನಿಗೆ, ಮಾಡುವುದು ಚಳ್ಳಕೆರೆಯ ಮನೆಯಿಂದ. ತಿಂಗಳಿಗೊಂದು ವಾರ ಆಫೀಸಿಗೆ ಹೋಗಿ ಮುಖ ತೋರಿಸಿ ಬರ್ತೀನಿ. ಅಪ್ಪ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಟೀಚರ್. ಐದು ವರ್ಷದ ಮಗಳಿದ್ದಾಳೆ. ನಾಲ್ಕು ವರ್ಷದ ಹಿಂದೆ, ಹೊಟ್ಟೆ ಬೆಲ್ಟಿನ ಮೇಲೆ ಬಂದು ಕೂತಾಗ, ಒಂದು ಮೌಂಟನ್ ಬೈಕ್ ತಗೊಂಡೆ. ವಾರದಲ್ಲಿ ಮೂರು ದಿನ ಬೆಳಗ್ಗೆ ಒಂದೊಂದು ಗಂಟೆ ತುಳಿತ. ಭಾನುವಾರದ್ದೇ ದೊಡ್ಡ ಸವಾರಿ.

ಭಾನುವಾರದ ಸವಾರಿಗೆ ನಮ್ಮ ಕಡೆಗಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ. ಹೆಂಡತಿಯ ತವರು ಮೊಳಕಾಲ್ಮೂರಿನ ಪಕ್ಕದ ಹಳ್ಳಿ. ಶನಿವಾರ ಸಂಜೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಅಲ್ಲಿಗೆ ಹೋದರೆ, ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಬ್ರಹ್ಮಗಿರಿಯ ಬುಡದಲ್ಲಿರ್ತೀನಿ. ಸಿದ್ದಾಪುರ, ಜಟಿಂಗ ರಾಮೇಶ್ವರ, ಇನ್ನೊಂದು ಕಡೆಗೆ ನುಂಕೆಮಲೆ. ಎಲ್ಲಿ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆ, ನಡುವೆ ಕುರಿ ನಡೆದು ಆದ ಕಾಲುದಾರಿ. ‘ಕರಡಿ ಐತೆ, ಕತ್ಲಾಗೆ ಹೋಗಬ್ಯಾಡ್ರಿ’ ಅಂತ ದಾರಿಯಲ್ಲಿ ಸಿಕ್ಕಿದವರೆಲ್ಲ ಹೇಳ್ತಾರೆ. ಕರಡಿಗಿಂತ ನನಗೆ ನೆಗ್ಗಿಲ ಮುಳ್ಳಿನ ಭಯ ಜಾಸ್ತಿ. ಅದರ ಜೊತೆ ಬಳ್ಳಾರಿ ಜಾಲಿ ಬೇರೆ. ಎಂಥಾ ದುಬಾರಿ ಟೈರಾದರೂ ಈ ಎರಡು ಮುಳ್ಳಿನ ಮುಂದೆ ಬಾಲ ಮುದುರಿಕೊಳ್ಳುತ್ತೆ. ಎಂಟೂವರೆ ದಾಟಿತೋ, ಬಂಡೆ ಕಾದು ಹೆಂಚಾಗುತ್ತೆ. ಅಷ್ಟರೊಳಗೆ ಇಳಿದುಬಿಡಬೇಕು. ಕಲ್ಲಿನ ಮೇಲೆ ಬ್ರೇಕ್ ಬಿಟ್ಟು ಇಳಿಯುವಾಗ ತಲೆಯಲ್ಲಿ ಆಫೀಸೂ ಇರಲ್ಲ, ಮನೆಯೂ ಇರಲ್ಲ.

ಮನೆಯೂ ಇರಲ್ಲ ಅನ್ನೋದನ್ನು ಗಮನಿಸಿ. ಜಗಳ ಇರೋದೇ ಅಲ್ಲಿ.

ನನ್ನ ಮಾವ ನೇಕಾರರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಮೊಳಕಾಲ್ಮೂರು ರೇಷ್ಮೆ ಸೀರೆ ನೇಯುತ್ತಾ ನಲವತ್ತು ವರ್ಷ ಆಯ್ತು. ಒಂದು ಭಾನುವಾರ ನಾನು ಬೆವರು ಸುರಿಸಿಕೊಂಡು ಬಂದಿದ್ದನ್ನು ನೋಡಿ ಅಂದರು: ‘ಅಳಿಯಂದ್ರೆ, ನಾನೂ ದಿನಾ ತುಳೀತೀನಿ, ಕೂತಲ್ಲೇ ಇರ್ತೀನಿ. ನೀವು ಗುಡ್ಡ ಎಲ್ಲಾ ತುಳಿದು ಮತ್ತೆ ಇಲ್ಲಿಗೇ ಬಂದ್ರಿ. ಅಲ್ಲಿಗೆ ಇಬ್ರದ್ದೂ ಒಂದೇ ಆಯ್ತು.’ ಎಲ್ಲರೂ ನಕ್ಕೆವು. ಅತ್ತೆ ಮಾತ್ರ ತಲೆ ಎತ್ತದೆ ಕಂಡಿಕೆ ಸುತ್ತುತ್ತಾ ಇದ್ದರು. ನನ್ನ ಹೆಂಡತಿ ಒಳಗೆ ರೊಟ್ಟಿ ಬಡೀತಾ ಇದ್ದಳು. ಅದು ಅವಳ ತವರು. ಅವಳು ಸುಧಾರಿಸಿಕೊಳ್ಳೋಕೆ ಅಂತ ಬಂದ ಜಾಗ. ಅಲ್ಲೂ ಸುಧಾರಿಸಿಕೊಂಡವನು ನಾನೇ. ಆವತ್ತು ಇದು ಹೊಳೆಯಲಿಲ್ಲ, ನಕ್ಕು ಸ್ನಾನಕ್ಕೆ ಹೋದೆ. ನೀರು ಕಾದಿತ್ತು.

ಹೊಳೆದದ್ದು ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ಪಿನ ರಿಪೋರ್ಟ್ ಬಂದಾಗ. ಗಂಡ ಹೆಂಡತಿ ಇಬ್ಬರದ್ದೂ ಮಾಡಿಸಿದ್ದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನನ್ನದು 5.2, ಅವಳದ್ದು 6.1. 5.7ರಿಂದ 6.4ರವರೆಗೆ ಇದ್ದರೆ ಡಯಾಬಿಟಿಸ್ ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಅವಳಿಗಿನ್ನೂ ಮೂವತ್ತೆರಡು. ಅವರಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆ ಇದೆ.

ನಾನು ಏನು ಮಾಡಿದೆ ಗೊತ್ತಾ? ಭಾಷಣ ಬಿಗಿದೆ. ‘ನೋಡು, ದಿನಾ ಅರ್ಧ ಗಂಟೆ ವಾಕ್ ಮಾಡು ಅಂತ ಎಷ್ಟು ಸಲ ಹೇಳಿದೀನಿ. ಟೈಮ್ ಇಲ್ಲ ಅನ್ನೋದೆಲ್ಲಾ ನೆಪ.’

ಅವಳು ಸಿಟ್ಟಾಗಲಿಲ್ಲ. ಚಪಾತಿ ಹಿಟ್ಟಿನ ಕೈಯಲ್ಲೇ ಹೇಳಿದಳು: ‘ರೀ, ಐದಕ್ಕೆ ಏಳ್ತೀನಿ. ನೀವೂ ಐದಕ್ಕೇ ಏಳ್ತೀರ. ನೀವು ಸೈಕಲ್ ತಗೊಂಡು ಹೋಗ್ತೀರ. ನಾನೂ ಆಗಲೇ ಹೋದ್ರೆ, ಆರೂವರೆಗೆ ಮಾವನಿಗೆ ಮಾತ್ರೆ ಯಾರು ಕೊಡ್ತಾರೆ? ಇವಳನ್ನ ಯಾರು ಎಬ್ಬಿಸ್ತಾರೆ? ಡಬ್ಬಿ ಯಾರು ಕಟ್ತಾರೆ? ಒಂದು ಕೆಲ್ಸ ಮಾಡಿ, ನೀವು ಹೋಗೋ ದಿನ ಬಿಟ್ಟು ಬೇರೆ ದಿನ ಹೇಳಿ, ಹೋಗ್ತೀನಿ.’

ಬೇರೆ ದಿನ ನಾನು ಮಲಗಿರ್ತೀನಿ. ಅದಕ್ಕೆ ಜಿಮ್ಮಿನ ಭಾಷೆಯಲ್ಲಿ ರಿಕವರಿ ಅಂತಾರೆ.

ಸಾಫ್ಟ್‌ವೇರ್‌ನವನಿಗೆ ಲೆಕ್ಕ ಹಾಕದೆ ಯಾವುದೂ ಅರ್ಥ ಆಗಲ್ಲ. ಆ ರಾತ್ರಿ ಲೆಕ್ಕ ಹಾಕಿದೆ. ವಾರದಲ್ಲಿ ಮೂರು ಗಂಟೆ, ಭಾನುವಾರ ಮೂರೂವರೆ. ಒಟ್ಟು ಆರೂವರೆ. ವರ್ಷಕ್ಕೆ 338 ಗಂಟೆ. ಅಂದರೆ ಹಗಲೂ ರಾತ್ರಿ ಸೇರಿಸಿ ಪೂರಾ ಹದಿನಾಲ್ಕು ದಿನ. ಚೈನಿಗೆ ಎಣ್ಣೆ ಬಿಟ್ಟಿದ್ದು, ಬಂದು ಬಿದ್ದುಕೊಂಡಿದ್ದು ಇದರಲ್ಲಿಲ್ಲ. ಈ ಹದಿನಾಲ್ಕು ದಿನವನ್ನು ನಾನು ‘ಮನಸ್ಸು ಮಾಡಿ’ ಸಂಪಾದಿಸಿದೆ ಅಂದುಕೊಂಡಿದ್ದೆ. ಆದರೆ ನಾನು ಗುಡ್ಡದಲ್ಲಿದ್ದಾಗ ಅಪ್ಪನ ಮಾತ್ರೆ ತಾನಾಗಿ ಬಾಯಿಗೆ ಹೋಗಲಿಲ್ಲ, ಮಗಳ ಜಡೆ ತಾನಾಗಿ ಹೆಣೆದುಕೊಳ್ಳಲಿಲ್ಲ. ನನ್ನ ಪಾಲಿನ ಕೆಲಸವನ್ನೂ ಯಾರೋ ಮಾಡಿದ್ದಕ್ಕೆ ನನಗೆ ಹೊತ್ತು ಸಿಕ್ಕಿತು.

ನಮ್ಮ ಚಳ್ಳಕೆರೆಯವರಿಗೆ ಇದನ್ನು ಅರ್ಥ ಮಾಡಿಸೋಕೆ ‘ಕಾವಲು’ ಅನ್ನೋ ಒಂದು ಪದ ಸಾಕು. ಅಮೃತ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿ, ದನ ಎಲ್ಲಾ ಅಲ್ಲೇ ಮೇಯುತ್ತಿದ್ದವು. ಕುರಿ ಇದ್ದಿದ್ದರಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆ ಕಂಬಳಿ. ಆಮೇಲೆ ಸೈನ್ಸ್ ಸಿಟಿ ಬಂತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೇ 1500 ಎಕರೆ. ಜೊತೆಗೆ ಡಿಆರ್‌ಡಿಒ, ಇಸ್ರೊ, ಬಾರ್ಕ್. ಕಾಂಪೌಂಡ್ ಗೋಡೆ ಏಳುವವರೆಗೆ ಎಷ್ಟೋ ಜನಕ್ಕೆ ಏನಾಗ್ತಿದೆ ಅಂತಲೇ ಗೊತ್ತಿರಲಿಲ್ಲ. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಡ ಅಂತ ಯಾರೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ: ಎಲ್ಲರೂ ಮೇಯಿಸುತ್ತಿದ್ದ ಜಾಗಕ್ಕೆ ಗೋಡೆ ಹಾಕುವಾಗ ಯಾರನ್ನು ಕೇಳಿದಿರಿ?

ಭಾನುವಾರ ಬೆಳಗ್ಗೆ ಅನ್ನೋದು ಮನೆಯ ಕಾವಲು ಇದ್ದಂಗೆ. ಎಲ್ಲರಿಗೂ ಸೇರಿದ್ದು. ನಾನು ಮೊಬೈಲಿನಲ್ಲಿ ಐದು ಗಂಟೆಗೆ ಅಲಾರಂ ಇಟ್ಟು ಅದಕ್ಕೆ ಕಾಂಪೌಂಡ್ ಹಾಕಿಬಿಟ್ಟೆ. ಆರೋಗ್ಯ ಬೇಡ ಅಂತ ಯಾರೂ ಅನ್ನಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ.

ಇದು ನಮ್ಮ ಮನೆ ಒಂದರ ಕತೆ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದ್ದು 289ಕ್ಕೆ ಇಳಿದಿತ್ತು. ಪರವಾಗಿಲ್ಲ, ಗಂಡಸರು ಕೈ ಜೋಡಿಸಿರಬೇಕು ಅಂದುಕೊಂಡಿರಾ? ಗಂಡಸರದ್ದೂ 88ಕ್ಕೆ ಇಳಿದಿತ್ತು. ಇನ್ನೊಂದು ಅಂಕಿ ಕೇಳಿ. ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದವರ ಲೆಕ್ಕ 2024ರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. 2022ರಲ್ಲಿ ಭಾರತದ ವಯಸ್ಕ ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಮನೆಯಲ್ಲಿ ಮೂರು ಪಟ್ಟು ಹೊತ್ತು ದುಡಿಯುವವರೇ ವ್ಯಾಯಾಮದಲ್ಲಿ ಹಿಂದೆ. ಇವರೆಲ್ಲಾ ಸೋಮಾರಿಗಳಾ?

ಈಗ ನಮ್ಮ ಗಂಡಸರ ಉತ್ತರಗಳಿಗೆ ಬರೋಣ. ಎಲ್ಲವೂ ನನಗೆ ಬಾಯಿಪಾಠ, ಯಾಕಂದ್ರೆ ನಾನೇ ಹೇಳುತ್ತಿದ್ದವು.

‘ಮನೆ ಕೆಲಸವೇ ವ್ಯಾಯಾಮ.’ ನೆಲ ಒರೆಸೋದು, ನೀರು ಹೊರೋದು ಲೆಕ್ಕಕ್ಕೆ ಬರುತ್ತೆ, ಸರಿ. ಆದರೆ ಒಲೆ ಮುಂದೆ ಒಂದೂವರೆ ಗಂಟೆ ನಿಂತರೆ ಉಸಿರು ಏರಲ್ಲ, ಸೊಂಟ ಹಿಡಿಯುತ್ತೆ. ಮನೆ ಕೆಲಸ ಅಷ್ಟು ಒಳ್ಳೆ ವ್ಯಾಯಾಮ ಆಗಿದ್ದರೆ ನಾವು ಅದನ್ನೇ ಮಾಡಿ ಸಾವಿರಾರು ರೂಪಾಯಿ ಉಳಿಸುತ್ತಿದ್ದೆವು.

‘ಅವಳಿಗೇ ಇಂಟರೆಸ್ಟ್ ಇಲ್ಲ.’ ಇದಕ್ಕೆ ನನ್ನ ಹೆಂಡತಿಯ ಕತೆಯೇ ಉತ್ತರ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಅದಾದ ಸ್ವಲ್ಪದರಲ್ಲೇ ಅವಳಿಗೂ ಒಂದು ಸಿಕ್ಕಿತ್ತು. ಹಳ್ಳಿಯಿಂದ ಹೈಸ್ಕೂಲಿಗೆ ಮೂರು ವರ್ಷ ಅದರಲ್ಲೇ ಹೋದಳು. ಗೇರ್ ಇಲ್ಲ, ಸಸ್ಪೆನ್ಶನ್ ಇಲ್ಲ, ಹಿಂದಿನ ಕ್ಯಾರಿಯರ್ ಮೇಲೆ ಗೆಳತಿ. ನಾನು ಇವತ್ತು ಹೆಲ್ಮೆಟ್ ಹಾಕಿಕೊಂಡು ಇಳಿಯುವ ದಾರಿಯಲ್ಲಿ ಅವಳು ಪಾಟಿಚೀಲ ನೇತುಹಾಕಿಕೊಂಡು ಇಳಿದಿದ್ದಾಳೆ. ಪಿಯುಸಿಗೆ ಬಸ್ಸು ಬಂತು, ಸೈಕಲ್ ತಮ್ಮನಿಗೆ ಹೋಯಿತು. ಮದುವೆ ಆದಮೇಲೆ ಯಾರೂ ಅವಳಿಗೆ ಸೈಕಲ್ ಬಗ್ಗೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನ್ನದಕ್ಕೆ ಹೊಸ ಟೈರ್ ತರಿಸುತ್ತಾ ಇದ್ದೆ.

‘ಅಡುಗೆಯವರನ್ನು ಇಟ್ಟುಕೊಳ್ಳಿ.’ ಇಟ್ಟುಕೊಳ್ಳೋಣ. ಆದರೆ ಬೆಳಗ್ಗೆ ಆರಕ್ಕೆ ನಿಮ್ಮ ಮನೆಗೆ ಬರುವ ಆ ಹೆಂಗಸಿನ ಮನೆಯಲ್ಲಿ ಐದಕ್ಕೆ ಒಲೆ ಹಚ್ಚಿದವರು ಯಾರು ಅಂತಲೂ ಒಂದ್ಸಲ ಕೇಳಿ. ನೀವು ಮಾಡಬಹುದಾದ ಉಪ್ಪಿಟ್ಟಿಗೆ ಇನ್ನೊಬ್ಬರ ಬೆಳಗ್ಗೆ ಯಾಕೆ ಬೇಕು?

‘ನಾನು ಆರೋಗ್ಯವಾಗಿರೋದು ಮನೆಯವರಿಗೋಸ್ಕರ ತಾನೇ?’ ಇದು ನನಗೆ ತುಂಬಾ ಇಷ್ಟವಾದ ಉತ್ತರ. ಮನೆಯವರಿಗೋಸ್ಕರ ಆದರೆ, ಅವರ ರಿಪೋರ್ಟಿನಲ್ಲೂ ಒಳ್ಳೆ ನಂಬರ್ ಬರಬೇಕಲ್ಲ.

ಹಾಗಂತ ಸೈಕಲ್ ಮಾರಿಬಿಡಿ ಅಂತ ನಾನು ಹೇಳಲ್ಲ. ನಾನೂ ಮಾರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಬಿರುಸಿನದ್ದು. ಹತ್ತು ನಿಮಿಷಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ ಅನ್ನೋ ಹಳೆ ನಿಯಮವನ್ನೂ ತೆಗೆದುಹಾಕಿದೆ. ಅಂದರೆ ಆರೋಗ್ಯಕ್ಕೆ ಬೇಕಾದ್ದು ದಿನಕ್ಕೆ ಅರ್ಧ ಗಂಟೆಯೂ ಇಲ್ಲ. ಅದರ ಮೇಲಿನದ್ದು ನನ್ನ ಖುಷಿ. ಖುಷಿ ತಪ್ಪಲ್ಲ, ಆದರೆ ಅದನ್ನು ಆರೋಗ್ಯ ಅಂತ ಹೆಸರಿಟ್ಟು ಮನೆಯವರ ಹತ್ತಿರ ವಸೂಲಿ ಮಾಡಬಾರದು.

ನಮ್ಮ ಮನೆಯಲ್ಲಿ ಈಗ ಭಾನುವಾರ ಸರದಿ. ಒಂದು ವಾರ ನನ್ನದು, ಒಂದು ವಾರ ಅವಳದ್ದು. ವಾರದ ಮಧ್ಯೆ ನನಗೆ ಎರಡು ದಿನ, ಅವಳಿಗೆ ಮೂರು. ಅವಳು ಪಕ್ಕದ ಮನೆಯವರ ಜೊತೆ ಗ್ರೌಂಡಿಗೆ ವಾಕಿಂಗ್ ಹೋಗ್ತಾಳೆ. ಮೊದಲ ವಾರ ಇಬ್ಬರೂ ಎರಡು ಸುತ್ತು ಹಾಕಿ ಮೂರನೇ ಸುತ್ತಿಗೆ ಕಲ್ಲುಬೆಂಚಿನ ಮೇಲೆ ಕೂತು ಮಾತಾಡಿ ಬಂದರಂತೆ. ನನ್ನ ಬಾಯಲ್ಲಿ ಭಾಷಣ ಬಂದೇ ಬಿಟ್ಟಿತ್ತು, ನುಂಗಿಕೊಂಡೆ. ಅವಳ ಹೊತ್ತು, ಕೂತರೂ ಅವಳದ್ದೇ. ಅಮ್ಮ ಮೊದಮೊದಲು ‘ಗಂಡಸಿನ ಕೈಯಲ್ಲಿ ಅಡಿಗೆ ಮಾಡಿಸ್ತೀಯೇನೇ’ ಅಂತ ಗೊಣಗಿದರು. ಈಗ ನಾನು ಉಪ್ಪು ಜಾಸ್ತಿ ಹಾಕಿದ್ದಕ್ಕೆ ಮಾತ್ರ ಗೊಣಗ್ತಾರೆ. ನನ್ನ ಸ್ಪೀಡು ಬಿದ್ದುಹೋಗಿದೆ. ಗೆಳೆಯರು ‘ಏನ್ ಗುರು, ರಿಟೈರಾ?’ ಅಂತಾರೆ. ಹೌದು, ಒಂದು ಚಾಕರಿ ಮಾಡಿಸಿಕೊಳ್ಳೋದರಿಂದ ರಿಟೈರ್ ಆಗೋಕೆ ನೋಡ್ತಿದೀನಿ. ಪೂರಾ ಆಗಿಲ್ಲ. ಮಗಳಿಗೆ ಜ್ವರ ಬಂದರೆ ಈಗಲೂ ರಜೆ ಹಾಕುವವಳು ಅವಳೇ.

ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದಿದ್ದು. ಅದರಲ್ಲಿ ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸಿಗುತ್ತೆ ಅನ್ನೋ ಮಾತಿದೆ. ಅಲ್ಲೇ ಮುಂದೆ ತಂದೆ ತಾಯಿಯ ಮಾತು ಕೇಳಬೇಕು, ಬಂಧುಗಳ ಜೊತೆ ತಕ್ಕಂತೆ ನಡೆದುಕೊಳ್ಳಬೇಕು ಅಂತಲೂ ಇದೆ. ನಾಲ್ಕು ವರ್ಷ ಆ ಬಂಡೆಯ ಪಕ್ಕ ಸೈಕಲ್ ನಿಲ್ಲಿಸಿ ನೀರು ಕುಡಿದಿದ್ದೇನೆ. ಪ್ರಯತ್ನದ ಮಾತಷ್ಟೇ ತಲೆಯಲ್ಲಿಟ್ಟುಕೊಂಡು, ಮನೆಯವರ ಮಾತನ್ನು ಬಂಡೆಯ ಹತ್ತಿರವೇ ಬಿಟ್ಟು ಬರುತ್ತಿದ್ದೆ.

ಹೋದ ತಿಂಗಳು ತವರಿಗೆ ಹೋದಾಗ ಸರದಿ ಅವಳದ್ದಿತ್ತು. ಸುಮ್ಮನೆ ಕೇಳಿದೆ, ಗ್ರೌಂಡಂತೂ ಇಲ್ಲ, ನನ್ನ ಸೈಕಲ್ ತಗೊಂಡು ಹೋಗ್ತೀಯಾ ಅಂತ. ಸೀಟು ಇಳಿಸಿಕೊಟ್ಟೆ. ಗೇರ್ ಹೇಳಿಕೊಡೋಕೆ ಬಾಯಿ ತೆಗೆಯೋಷ್ಟರಲ್ಲಿ ಹೊರಟುಹೋದಳು. ನಾನು ಅತ್ತೆಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತೆ. ಮಾವ ಮಗ್ಗ ನಿಲ್ಲಿಸಿ ಬಂದು ಎರಡು ಸಲ ಇಣುಕಿ ನೋಡಿದರು, ಏನೂ ಅನ್ನಲಿಲ್ಲ. ಒಂದೂವರೆ ಗಂಟೆ ಆದಮೇಲೆ ಅವಳು ಬಂದಳು, ಸೈಕಲ್ ತಳ್ಳಿಕೊಂಡು. ಮುಂದಿನ ಚಕ್ರದಲ್ಲಿ ನೆಗ್ಗಿಲ ಮುಳ್ಳು.

‘ಹಳೇ ಹೈಸ್ಕೂಲ್ ತನಕ ಹೋಗಿದ್ದೆ ರೀ’ ಅಂದಳು. ‘ಪಂಕ್ಚರ್ ಹಾಕಿಡಿ.’