ಗೃಹಕೃತ್ಯ ವಿಚಾರ: ಕಾರ್ಖಾನೆಯಿಂದ ಮನೆಗೆ ಬಂದ ಹೊಲಿಗೆಯ ಯಂತ್ರ

ಮನೆಗೆ ಹಸುವನ್ನು ತರುವವನು ಮೊದಲು ಹುಲ್ಲಿನ ಯೋಚನೆಯನ್ನು ಮಾಡುವನು. ಗೂಟವೆಲ್ಲಿ, ನೀರೆಲ್ಲಿ, ಕರೆಯುವವರಾರು ಎಂಬುದನ್ನು ಗೊತ್ತುಮಾಡಿಕೊಂಡ ಬಳಿಕವೇ ಸಂತೆಗೆ ಹೊರಡುವನು. ಯಂತ್ರವನ್ನು ತರುವವರಲ್ಲಿ ಬಹುಮಂದಿ ಇಷ್ಟು ವಿವೇಚನೆಯನ್ನು ತೋರುವುದಿಲ್ಲ. ಹಣ ಕೊಟ್ಟರೆ ಯಂತ್ರ, ಗುಂಡಿಯನ್ನೊತ್ತಿದರೆ ಕೆಲಸ ಎಂದು ತಿಳಿಯುವರು. ಆದರೆ ಯಂತ್ರಕ್ಕೂ ಮೇವುಂಟು, ಮೈತೊಳೆಯುವುದುಂಟು, ರೋಗವುಂಟು, ವೈದ್ಯನೂ ಉಂಟು. ಈ ತಿಂಗಳು ನಾವು ಹೊಲಿಗೆಯ ಯಂತ್ರವನ್ನು, ಅದರಲ್ಲಿಯೂ ಕಾರ್ಖಾನೆಗಳಲ್ಲಿ ಬಳಸತಕ್ಕ, ಜನರು ‘ಪವರ್ ಮಿಷನ್’ ಎಂದು ಕರೆಯುವ ಯಂತ್ರವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿರುವೆವು.

ನಮ್ಮ ಚಿಕ್ಕಜಾಲದಲ್ಲಿ ಈ ಮಾತಿಗೆ ಕಾರಣವುಂಟು. ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಯಲಹಂಕಕ್ಕೂ ದೇವನಹಳ್ಳಿಗೂ ನಡುವೆ ಇರುವ ಊರು ಇದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಸುತ್ತಣ ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಒಂದೊಂದಾಗಿ ನಿವೇಶನಗಳಾದವು. ಹೊಲದ ಕೆಲಸ ಕಡಿಮೆಯಾದ ಮನೆಗಳ ಹೆಣ್ಣುಮಕ್ಕಳಲ್ಲಿ ಅನೇಕರು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ, ಜನರ ಮಾತಿನಲ್ಲಿ ಹೇಳುವುದಾದರೆ ‘ಗಾರ್ಮೆಂಟ್ಸಿಗೆ’, ಹೋಗತೊಡಗಿದರು. ಒಂದು ಕಡೆ ಯಶವಂತಪುರ, ಪೀಣ್ಯ. ಇನ್ನೊಂದು ಕಡೆ ದೊಡ್ಡಬಳ್ಳಾಪುರ. ಹಲವು ವರ್ಷ ದುಡಿದ ಬಳಿಕ ಮಗುವಿನ ಪಾಲನೆಗೋ ವೃದ್ಧರಾದ ಅತ್ತೆಮಾವಂದಿರ ಶುಶ್ರೂಷೆಗೋ ಕಾರ್ಖಾನೆಯನ್ನು ಬಿಡಬೇಕಾಗಿ ಬಂದಾಗ, ಕೈಗೆ ಬಂದ ಭವಿಷ್ಯನಿಧಿಯ ಹಣದಲ್ಲಿ ಒಂದು ಪವರ್ ಮಿಷನ್ನನ್ನು ಕೊಂಡು ಮನೆಯಲ್ಲಿಯೇ ರವಿಕೆ, ಲಂಗ, ಶಾಲೆಯ ಸಮವಸ್ತ್ರಗಳನ್ನು ಹೊಲಿಯುವವರು ಈಗ ಬೀದಿಗೊಬ್ಬರಾದರೂ ಇರುವರು. ಇದು ಶ್ಲಾಘ್ಯವಾದ ಉದ್ಯಮ. ಯಂತ್ರಗಳ ವ್ಯಾಮೋಹವನ್ನು ಖಂಡಿಸಿದ ಮಹಾತ್ಮಾ ಗಾಂಧಿಯವರೂ 1924ರಲ್ಲಿ ಸಿಂಗರ್ ಹೊಲಿಗೆಯ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಆದರೆ ಇಲ್ಲಿ ಒಂದು ತೊಡಕು ಇದೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಹತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರು ಕೂಡಿಸಿದವಳು. ಕೈಚಳಕದಲ್ಲಿ ಅವಳನ್ನು ಮೀರಿಸುವವರು ಕಡಿಮೆ. ಅವಳು ತಂದ ಯಂತ್ರವು ಎರಡು ತಿಂಗಳೊಳಗೆ ಗೊರಗೊರನೆ ಸದ್ದು ಮಾಡಿ ಬಿಗಿದು ನಿಂತಿತು. ಸದ್ದು ಕೇಳಿದಾಗ ಮನೆಯವರು ಅಡುಗೆಮನೆಯಿಂದ ತೆಂಗಿನೆಣ್ಣೆಯನ್ನು ತಂದು ಕಂಡ ಕಂಡ ತೂತುಗಳಿಗೆಲ್ಲ ಸುರಿದಿದ್ದರು. ಅಡಿಯಲ್ಲಿ ಎಣ್ಣೆಯ ತೊಟ್ಟಿಯೊಂದು ಇರುವುದನ್ನು ನೋಡಲಿಲ್ಲವೇ ಎಂದು ಕೇಳಿದ್ದಕ್ಕೆ ಆಕೆ, “ಅಲ್ಲಿ ಮಿಷನ್ ಕೆಟ್ರೆ ಕೈ ಎತ್ಬೇಕು ಮೇಷ್ಟ್ರೇ, ಮೆಕ್ಯಾನಿಕ್ ಬರ್ತಾನೆ. ನಾವು ಮುಟ್ಟೋ ಹಾಗಿಲ್ಲ. ಎಣ್ಣೆ ಎಲ್ಲಿರುತ್ತೆ ಅಂತ ನಂಗೇನು ಗೊತ್ತು?” ಎಂದಳು.

ಈ ಉತ್ತರದಲ್ಲಿ ವಿಷಯದ ತಿರುಳೆಲ್ಲ ಇದೆ. ಕಾರ್ಖಾನೆಯಲ್ಲಿ ಹೊಲಿಯುವವರು ಬೇರೆ, ಯಂತ್ರವನ್ನು ನೋಡಿಕೊಳ್ಳುವವರು ಬೇರೆ. ಯಂತ್ರವು ಮನೆಗೆ ಬರುವಾಗ ಅದರ ಹಿಂದೆ ಮೆಕ್ಯಾನಿಕ್ಕನು ಬರುವುದಿಲ್ಲ. ಆದುದರಿಂದ ಒಂದು ಎಲ್ಲೆಯವರೆಗೆ ಮನೆಯವರೇ ಆ ಕೆಲಸವನ್ನು ಕಲಿಯಬೇಕು. ಆ ಎಲ್ಲೆಯು ಎಲ್ಲಿಯವರೆಗೆಂಬುದನ್ನೂ ಅರಿತಿರಬೇಕು.

ಮೊದಲು ಕೊಳ್ಳುವ ಮಾತು. ಕಾರ್ಖಾನೆಯ ಒಂಟಿಸೂಜಿಯ ಯಂತ್ರವು ನಿಮಿಷಕ್ಕೆ 5,000 ಹೊಲಿಗೆಗಳವರೆಗೆ ಹಾಕಬಲ್ಲದು. ಎಂದರೆ ಒಂದು ಸೆಕೆಂಡಿಗೆ 80ಕ್ಕೂ ಮಿಗಿಲಾಗಿ ಸೂಜಿ ಏರಿಳಿಯುವುದು. ದಿನಕ್ಕೆ ಎರಡು ರವಿಕೆಗಳನ್ನು ಹೊಲಿಯುವ ಮನೆಗೆ ಈ ವೇಗವು ಬೇಡ. ಕಾಲಿನಿಂದ ತುಳಿಯುವ ಯಂತ್ರಕ್ಕೆ ಸಣ್ಣ ಮೋಟಾರನ್ನು ಕೂಡಿಸಿದರೆ ಸಾಕು. ದಿನವೆಲ್ಲ ಕೆಲಸ ಬರುವುದೆಂಬ ಭರವಸೆಯಿದ್ದವರು ಮಾತ್ರ ದೊಡ್ಡ ಯಂತ್ರಕ್ಕೆ ಕೈಹಾಕಲಿ. ಸಾಲದ ಅವಶ್ಯಕತೆಯಿದ್ದವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಬಹುದು. ಅದರ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಉಪಕರಣಗಳಿಗೆಂದು 15,000 ರೂಪಾಯಿಗಳವರೆಗೆ ನೆರವೂ, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷದವರೆಗೆ ಸಾಲವೂ ಅದರಲ್ಲಿ ಸೇರಿವೆ. ಇರುವ ಹಣವನ್ನೆಲ್ಲ ಯಂತ್ರದ ಬೆಲೆಗೇ ಸುರಿಯದೆ, ಸೂಜಿ, ಎಣ್ಣೆ, ರಿಪೇರಿಗಳಿಗೆಂದು ಒಂದಿಷ್ಟನ್ನು ಬೇರೆಯಾಗಿ ಕಟ್ಟಿಡತಕ್ಕದ್ದು.

ಹಳೆಯ ಯಂತ್ರವನ್ನು ಕೊಳ್ಳುವವರು ಹೊರಗಣ ಬಣ್ಣವನ್ನು ನೋಡಿ ಮರುಳಾಗಬಾರದು. ವಿದ್ಯುತ್ತನ್ನು ಆರಿಸಿ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಸುತ್ತಿನಲ್ಲಿ ಎಲ್ಲಿಯಾದರೂ ತಡೆದರೆ ಒಳಗೆ ದೋಷವಿದೆಯೆಂದರ್ಥ. ಬಳಿಕ ಎರಡು ಪದರದ ಬಟ್ಟೆಯನ್ನಿಟ್ಟು ಒಮ್ಮೆ ನಿಧಾನವಾಗಿಯೂ ಒಮ್ಮೆ ವೇಗವಾಗಿಯೂ ಹೊಲಿದು, ಬಟ್ಟೆಯ ಎರಡು ಮಗ್ಗುಲುಗಳನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ.

ಮೋಟಾರುಗಳಲ್ಲಿ ಎರಡು ಬಗೆ. ಹಳೆಯ ‘ಕ್ಲಚ್’ ಮೋಟಾರು ಗುಂಡಿಯನ್ನೊತ್ತಿದ ಗಳಿಗೆಯಿಂದ ಹೊಲಿಯದಿರುವಾಗಲೂ ತಿರುಗುತ್ತಲೇ ಇರುವುದು. ವಿದ್ಯುತ್ತನ್ನು ವ್ಯರ್ಥವಾಗಿ ತಿನ್ನುವುದು. ಹೊಸ ‘ಸರ್ವೋ’ ಮೋಟಾರು ಪೆಡಲನ್ನು ತುಳಿದಾಗ ಮಾತ್ರ ತಿರುಗುವುದು. ವೇಗಕ್ಕೆ ಮಿತಿಯನ್ನು ಗೊತ್ತುಮಾಡಲೂ ಅದರಲ್ಲಿ ಅನುಕೂಲವಿದೆ. ಮನೆಗೆ ಇದೇ ಲೇಸು. ಆದರೆ ಎರಡರಲ್ಲಿಯೂ ಒಂದೊಂದು ಅಪಾಯವಿದೆ. ಕ್ಲಚ್ ಮೋಟಾರು ಸ್ವಿಚ್ಚನ್ನು ಆರಿಸಿದ ಮೇಲೂ ಸ್ವಲ್ಪ ಹೊತ್ತು ಓಡುವುದು; ಆಗ ಪೆಡಲಿಗೆ ಕಾಲು ತಾಗಿದರೆ ಸೂಜಿ ಇಳಿದುಬಿಡುವುದು. ಸರ್ವೋ ಮೋಟಾರು ನಿಶ್ಶಬ್ದವಾಗಿರುವುದರಿಂದ ವಿದ್ಯುತ್ತು ಇರುವುದೇ ಮರೆತುಹೋಗುವುದು. ಮೇಜಿನ ಕೆಳಗೆ ಆಡುವ ಮಗು ಪೆಡಲನ್ನೊತ್ತಿದರೆ ಮೇಲಿರುವ ತಾಯಿಯ ಬೆರಳಿನ ಗತಿಯೇನು? ಆದುದರಿಂದ ಸೂಜಿಗೆ ಕೈಹಾಕುವ ಮುನ್ನ ಸ್ವಿಚ್ಚನ್ನು ಆರಿಸಿ, ಚಕ್ರವು ಪೂರ್ಣವಾಗಿ ನಿಂತುದನ್ನು ನೋಡಿ, ಕಾಲನ್ನು ಪೆಡಲಿನಿಂದ ತೆಗೆಯತಕ್ಕದ್ದು. ಬೆರಳಿನ ರಕ್ಷೆಯನ್ನೂ ಬೆಲ್ಟಿನ ಮುಚ್ಚಳವನ್ನೂ ‘ಅಡ್ಡಿ’ ಎಂದು ಕಳಚಿಡುವ ದುರಭ್ಯಾಸವು ಕೂಡದು.

ಇನ್ನು ಪ್ರತಿಷ್ಠಾಪನೆ. ದೇವರಿಗೆ ಪೀಠವಿದ್ದಂತೆ ಯಂತ್ರಕ್ಕೆ ಮೇಜು. ಅದರ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಊರಿರಬೇಕು. ಕಾಲುಗಳ ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟರೆ ಅದುರುವುದೂ ಕಡಿಮೆ, ನೆರೆಮನೆಯವರ ಗೊಣಗಾಟವೂ ಕಡಿಮೆ. ಕುಳಿತಾಗ ಮೊಣಕೈಗೂ ಮೇಜಿಗೂ ಒಂದೇ ಎತ್ತರವಿರಲಿ; ಇಲ್ಲವಾದರೆ ಯಂತ್ರಕ್ಕಿಂತ ಮೊದಲು ಹೆಗಲು ಕೆಡುವುದು. ಮೂರು ಕಡ್ಡಿಯ ಪ್ಲಗ್ಗು, ಭೂಮಿಗೆ ಸರಿಯಾಗಿ ಸೇರಿದ ಅರ್ಥಿಂಗ್ ತಂತಿ, ಇವೆರಡೂ ಅವಶ್ಯ. ದಿನವೆಲ್ಲ ನಡೆಯುವ ಯಂತ್ರವನ್ನು ದೀಪಕ್ಕೆಂದು ಎಳೆದ ಸಣ್ಣ ತಂತಿಗೆ ಸಿಕ್ಕಿಸಕೂಡದು. ಚಕ್ರದ ಮೇಲ್ಭಾಗವು ಹೊಲಿಯುವವರ ಕಡೆಗೆ ತಿರುಗಬೇಕು. ತಿರುವು ಹಿಂದುಮುಂದಾಗಿದ್ದರೆ ಸರಿಪಡಿಸುವವರೆಗೆ ನಡೆಸಬಾರದು.

ಹೊಸ ಯಂತ್ರವು ಬರುವಾಗ ಅದರಲ್ಲಿ ಎಣ್ಣೆ ಇರುವುದಿಲ್ಲ. ಇದನ್ನರಿಯದೆ ಗುಂಡಿಯನ್ನೊತ್ತಿ ಮೊದಲ ದಿನವೇ ಹಾಳುಮಾಡಿಕೊಂಡವರುಂಟು. ತಲೆಯನ್ನು ಹಿಂದಕ್ಕೆ ಮಗುಚಿದರೆ ಕೆಳಗೆ ತೊಟ್ಟಿಯು ಕಾಣುವುದು. ಅದರಲ್ಲಿ ಮೇಲೊಂದು ಕೆಳಗೊಂದು ಗುರುತುಗಳಿವೆ. ಎಣ್ಣೆಯು ಈ ಎರಡರ ನಡುವೆ ಇರಬೇಕು. ಯಂತ್ರವು ನಡೆಯುವಾಗ ತಲೆಯ ಮೇಲಣ ಸಣ್ಣ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು; ಕಾಣದಿದ್ದರೆ ಆ ಕ್ಷಣವೇ ನಿಲ್ಲಿಸತಕ್ಕದ್ದು. ಹೊಸದಾಗಿ ತಂದುದನ್ನೂ ಬಹುಕಾಲ ಸುಮ್ಮನಿದ್ದುದನ್ನೂ ಮೊದಲ ಹತ್ತು ನಿಮಿಷ ಪೂರ್ಣವೇಗಕ್ಕೆ ಒಯ್ಯದೆ 3,000ದಿಂದ 3,500ರ ವೇಗದಲ್ಲಿ ನಡೆಸಿ ಪಳಗಿಸುವುದು ಒಳ್ಳೆಯದು. ಎಣ್ಣೆಯೆಂದರೆ ಹೊಲಿಗೆಯ ಯಂತ್ರಕ್ಕೆಂದೇ ಮಾರುವ ಬಿಳಿಯ ಖನಿಜತೈಲ. ತೆಂಗಿನೆಣ್ಣೆಯೂ ಕಡಲೆಕಾಯಿ ಎಣ್ಣೆಯೂ ಮೈಗೆ, ಅಡುಗೆಗೆ ಒಳ್ಳೆಯವು. ಯಂತ್ರದಲ್ಲಿ ಅವು ಕ್ರಮೇಣ ಅಂಟಾಗಿ, ಜಾರಿಸಬೇಕಾದುದನ್ನೇ ಹಿಡಿದು ನಿಲ್ಲಿಸುವುವು. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಹೆಸರು. ಆದರೆ ಎಲ್ಲ ಸ್ನೇಹವೂ ಎಲ್ಲರಿಗೂ ಹಿತವಲ್ಲ.

ಅಮರಕೋಶದಲ್ಲಿ ಹೊಲಿಯುವವನಿಗೆ ‘ತುನ್ನವಾಯ’, ‘ಸೌಚಿಕ’ ಎಂಬ ಎರಡು ಹೆಸರುಗಳಿವೆ. ಎರಡನೆಯದು ‘ಸೂಚಿ’ಯಿಂದ, ಎಂದರೆ ಸೂಜಿಯಿಂದ, ಬಂದುದು. ಇಂದಿಗೂ ಯಂತ್ರದ ಕಾಯಿಲೆಗಳಲ್ಲಿ ಬಹುಪಾಲು ಸೂಜಿಯಲ್ಲಿಯೇ ಹುಟ್ಟುವುವು. ಮನೆಯ ಯಂತ್ರದ ಸೂಜಿಯ ಬುಡವು ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿರುವುದರಿಂದ ಅದನ್ನು ತಪ್ಪಾಗಿ ಕೂರಿಸುವುದು ಕಷ್ಟ. ಕಾರ್ಖಾನೆಯ ಯಂತ್ರದ ‘ಡಿಬಿ×1’ ಸೂಜಿಯ ಬುಡವು ಗುಂಡಗಿರುವುದು. ಎತ್ತ ತಿರುಗಿಸಿದರೂ ಕೂರುವುದು. ಅದರ ಉದ್ದನೆಯ ಗೀರು ಹೊಲಿಯುವವರ ಎಡಕ್ಕೂ, ಕಣ್ಣಿನ ಬಳಿಯ ತಗ್ಗು ಬಲಕ್ಕೂ ಇರಬೇಕು. ನೂಲನ್ನು ಎಡದಿಂದ ಬಲಕ್ಕೆ ಪೋಣಿಸಬೇಕು. ಸೂಜಿಯನ್ನು ಮೇಲಿನ ತುದಿ ಮುಟ್ಟುವವರೆಗೆ ಏರಿಸಿ ತಿರುಪನ್ನು ಬಿಗಿಯಬೇಕು. ತೆಳುವಾದ ವಾಯಿಲಿಗೂ ರೇಷ್ಮೆಗೂ 9 ಅಥವಾ 11ನೆಯ ನಂಬರು, ಸಾಧಾರಣ ಅಂಗಿಯ ಬಟ್ಟೆಗೆ 14, ಜೀನ್ಸಿನಂತಹ ದಪ್ಪ ಬಟ್ಟೆಗೆ 16 ಅಥವಾ 18. ಮೊಂಡಾದ ಸೂಜಿಯನ್ನು ಉಳಿಸಿದವರು ನಾಲ್ಕು ಕಾಸನ್ನು ಉಳಿಸಿ, ಗಿರಾಕಿಯ ರೇಷ್ಮೆಯ ಬೆಲೆಯನ್ನು ತೆರುವರು.

ಮೇಲಿನ ನೂಲೂ ಕೆಳಗಿನ ಬಾಬಿನ್ನಿನ ನೂಲೂ ಬಟ್ಟೆಯ ನಡುಪದರದಲ್ಲಿ ಒಂದನ್ನೊಂದು ತಬ್ಬಿದರೆ ಹೊಲಿಗೆ ಸರಿ. ದಾಂಪತ್ಯದಂತೆಯೇ ಇಲ್ಲಿಯೂ ಇಬ್ಬರ ಎಳೆತವೂ ಸಮನಾಗಿರಬೇಕು. ಬಟ್ಟೆಯ ಕೆಳಗೆ ನೂಲು ಕುಣಿಕೆಗಟ್ಟಿದರೆ ಮೇಲಿನ ಎಳೆತ ಸಾಲದೆಂದೂ, ಮೇಲೆ ಕುಣಿಕೆಗಟ್ಟಿದರೆ ಕೆಳಗಿನದು ಸಡಿಲವೆಂದೂ ತಿಳಿಯಬೇಕು. ಬಾಬಿನ್ನಿನ ಡಬ್ಬಿಯನ್ನು ಅದರ ನೂಲಿನಿಂದಲೇ ತೂಗುಬಿಟ್ಟರೆ ತನ್ನ ಭಾರಕ್ಕೆ ಅದು ಸರ್ರನೆ ಜಾರಬಾರದು. ಕೈಯನ್ನು ಸ್ವಲ್ಪ ಕುಲುಕಿದಾಗ ತುಸು ಇಳಿದು ನಿಲ್ಲಬೇಕು.

ಹೊಲಿಗೆ ತಪ್ಪಿದರೆ ಅಥವಾ ನೂಲು ಹರಿದರೆ ಕಂಡ ತಿರುಪನ್ನೆಲ್ಲ ತಿರುಗಿಸಕೂಡದು. ಮೊದಲು ಸೂಜಿಯನ್ನು ಬದಲಿಸಿ. ಸರಿಹೋಗದಿದ್ದರೆ ಮೇಲಿನ ನೂಲನ್ನು ಬಿಚ್ಚಿ ಹೊಸದಾಗಿ ಪೋಣಿಸಿ. ಆಮೇಲೆ ಬಾಬಿನ್ನನ್ನು ತೆಗೆದು ಅಲ್ಲಿಯ ಅರಳೆಯ ಕಸವನ್ನು ಕುಂಚದಿಂದ ಗುಡಿಸಿ. ಕೊನೆಗೆ ಎಳೆತದ ತಿರುಪನ್ನು ಮುಟ್ಟಿ. ಒಮ್ಮೆಗೆ ಒಂದನ್ನೇ ಮಾಡಿ, ಪ್ರತಿಸಲವೂ ಹೊಲಿದು ನೋಡಿ. ಇಷ್ಟರಲ್ಲಿಯೂ ಸರಿಹೋಗದಿದ್ದರೆ ಅದು ಸೂಜಿಗೂ ನೂಲನ್ನು ಹಿಡಿಯುವ ಕೊಕ್ಕೆಗೂ ಇರುವ ಹೊಂದಾಣಿಕೆಯ ದೋಷವಾಗಿರಬಹುದು. ಅವೆರಡರ ನಡುವಣ ಅಂತರವು 0.1 ಮಿಲಿಮೀಟರಿಗಿಂತಲೂ ಕಡಿಮೆ. ನಾವು ಮೊದಲು ಹೇಳಿದ ಎಲ್ಲೆಯು ಇದೇ. ಇಲ್ಲಿಂದ ಮುಂದೆ ಮೆಕ್ಯಾನಿಕ್ಕನನ್ನು ಕರೆಯುವುದೇ ವಿವೇಕ. ಅವನು ಬಂದಾಗ ಮಾತ್ರ ಒಳಮನೆಗೆ ಹೋಗದೆ ಪಕ್ಕದಲ್ಲಿ ನಿಂತು, ಏನು ಮಾಡಿದನೆಂದು ಕೇಳಿ ತಿಳಿದುಕೊಳ್ಳತಕ್ಕದ್ದು.

ಇನ್ನುಳಿದುದು ದಿನಚರಿ. ಸಂಜೆ ಕೆಲಸ ಮುಗಿದ ಮೇಲೆ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಳಚಿ, ಬಾಬಿನ್ನಿನ ಸುತ್ತಲೂ ಬಟ್ಟೆಯನ್ನು ಸರಿಸುವ ಹಲ್ಲುಗಳ ಸುತ್ತಲೂ ಕಸವನ್ನು ಗುಡಿಸಿ, ಪಾದದ ಕೆಳಗೆ ಒಂದು ಚಿಂದಿಯನ್ನಿಟ್ಟು, ಮೇಲೆ ಹಳೆಯ ಪಂಚೆಯನ್ನು ಹೊದಿಸಿ. ಬೆಳಗ್ಗೆ ಎಣ್ಣೆಯ ಗುರುತನ್ನು ನೋಡಿ, ಚಿಂದಿಯ ಮೇಲೆ ಒಂದು ಗೆರೆ ಹೊಲಿದು, ಬಳಿಕ ಗಿರಾಕಿಯ ಬಟ್ಟೆಗೆ ಕೈಹಾಕಿ. ವಾರಕ್ಕೊಮ್ಮೆ ಬೆಲ್ಟನ್ನು ಒತ್ತಿನೋಡಿ. ಬಣ್ಣಗೆಟ್ಟ ಎಣ್ಣೆಯನ್ನು ಬಸಿದು ತೊಟ್ಟಿಯನ್ನು ಒರಸಿ ಹೊಸದನ್ನು ತುಂಬಿ. ಇವುಗಳಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷವನ್ನು ಹೊಲಿಯುವವಳ ತಲೆಗೇ ಕಟ್ಟಬೇಕಾದುದಿಲ್ಲ. ದುಡಿಮೆಯ ಹಣದಲ್ಲಿ ಪಾಲುಂಟಾದ ಗಂಡನಿಗೂ ಬೆಳೆದ ಮಕ್ಕಳಿಗೂ ಕುಂಚವನ್ನು ಹಿಡಿಯಲು ಬರುವುದು.

ಕಾರ್ಖಾನೆಯನ್ನು ಬಿಡಬೇಕೆಂದಿರುವ ಸೋದರಿಯರಿಗೆ ನಮ್ಮದೊಂದು ಸೂಚನೆ: ಹೊರಡುವ ಮುನ್ನ, ಬಿಡುವಿನ ವೇಳೆಯಲ್ಲಿ, ಅಲ್ಲಿಯ ಮೆಕ್ಯಾನಿಕ್ಕನನ್ನು ಕೇಳಿ ಎಣ್ಣೆಯ ತೊಟ್ಟಿಯನ್ನೂ ಬಾಬಿನ್ನಿನ ಕೊಕ್ಕೆಯನ್ನೂ ಒಮ್ಮೆ ಕಣ್ಣಾರೆ ನೋಡಿಬನ್ನಿ. ಹೊಲಿಗೆಯನ್ನು ಕಲಿಸುವ ಶಾಲೆಗಳವರಿಗೆ ನಮ್ಮದೊಂದು ವಿಜ್ಞಾಪನೆ: ಕಾಲರು, ಕಿಸೆಗಳ ಪಾಠಕ್ಕಿಂತ ಮೊದಲು ಸೂಜಿಯನ್ನು ಕೂರಿಸುವುದು, ಎಣ್ಣೆಯನ್ನು ತುಂಬುವುದು, ಕಸ ಗುಡಿಸುವುದು, ಇವನ್ನು ಕಲಿಸಿ, ಪರೀಕ್ಷೆಯಲ್ಲಿಯೂ ಕೇಳಿ. ಹೊಲಿಗೆ ಬಲ್ಲವಳು ಕೂಲಿಯನ್ನು ಸಂಪಾದಿಸುವಳು. ಯಂತ್ರವನ್ನೂ ಬಲ್ಲವಳು ಆ ಕೂಲಿಯನ್ನು ಮನೆಯಲ್ಲಿ ಉಳಿಸುವಳು.